ಒಂಟಿಗುಡ್ಡದ ಮೇಲೆ ಕೂಗಿದ ಹೆಸರು

ಯಾಬ್ನೆಯ ಗಂಡ ಸತ್ತು ಮೂರು ವರ್ಷ ದಾಟಿತ್ತು. ಅವನಿಗೊಂದು ಹೆಸರಿತ್ತು. ಬದುಕಿದ್ದಾಗ ಅವಳು ಅದನ್ನು ಹೇಳುತ್ತಿರಲಿಲ್ಲ. ಗಂಡನ ಹೆಸರನ್ನು ಹೆಂಡತಿ ಹೇಳುವುದಿಲ್ಲ. ಮದುವೆಯಾದ ಹೊಸದರಲ್ಲಿ "ಇಲ್ನೋಡು" ಎಂದು ಕರೆಯುತ್ತಿದ್ದಳು. ಮಗ ಸೇರೊಕೊ ಹುಟ್ಟಿದ ಮೇಲೆ "ಸೇರೊಕೊನ ಅಪ್ಪ" ಎಂದಳು. ಕೊನೆಯತನಕ ಅದೇ ನಡೆಯಿತು. ಸತ್ತ ಮೇಲೆ ಮಿಕ್ಕವರೂ ಆ ಹೆಸರನ್ನು ಬಿಟ್ಟರು. ಸತ್ತವನನ್ನು ಹೆಸರು ಹಿಡಿದು ಕರೆದರೆ ಹೋಗುವ ದಾರಿಯಲ್ಲಿ ನಿಂತು ಹಿಂತಿರುಗಿ ನೋಡುತ್ತಾನೆ. ನೋಡಿದವನು ಒಬ್ಬನೇ ಹೋಗುವುದಿಲ್ಲ, ಮನೆಯವರಲ್ಲಿ ಯಾರನ್ನಾದರೂ ಜೊತೆಗೆ ಕರೆಯುತ್ತಾನೆ. ಅದಕ್ಕೆ ಈ ಕಥೆಯಲ್ಲೂ ಆ ಹೆಸರು ಬರುವುದಿಲ್ಲ.

ಅವಳು ಹುಟ್ಟಿದ್ದು ವಲಸೆಯ ದಾರಿಯಲ್ಲಿ. ಅವಳ ಅವ್ವ ಜಾರುಬಂಡಿ ನಿಲ್ಲಿಸಿ, ಬಂಡಿಯ ಮರೆಯಲ್ಲಿ ಹೆತ್ತು, ಬಿಸಿ ಚಹಾ ಕುಡಿದು, ಮಗುವನ್ನು ತೊಗಲಂಗಿಯೊಳಗೆ ಸೇರಿಸಿಕೊಂಡು ಮತ್ತೆ ಬಂಡಿ ಹತ್ತಿದಳಂತೆ. ಹಿಮಸಾರಂಗದ ಹಿಂಡು ಬಾಣಂತಿಗೆಂದು ನಿಲ್ಲುವುದಿಲ್ಲ. ಸ್ವಲ್ಪ ದೊಡ್ಡವಳಾದಾಗ ಹೆಲಿಕಾಪ್ಟರ್ ಬಂದು ಬೇರೆ ಮಕ್ಕಳ ಜೊತೆ ಅವಳನ್ನೂ ಊರಿನ ಶಾಲೆಯ ಹಾಸ್ಟೆಲ್ಲಿಗೆ ಒಯ್ದಿತು. ಅಲ್ಲಿ ರಷ್ಯನ್ ಮಾತು ಕಲಿತಳು, ತನ್ನ ಹೆಸರು ಬರೆಯುವುದನ್ನು ಕಲಿತಳು, ತಲೆತುಂಬ ಹೇನು ತಂದಳು. ಒಂದು ವರ್ಷ ಹೆಲಿಕಾಪ್ಟರಿನ ಸದ್ದು ಕೇಳಿದೊಡನೆ ತೊಗಲಿನ ರಾಶಿಯ ಅಡಿ ಹೊಕ್ಕು ಕೂತಳು. ಅವ್ವ ಆ ರಾಶಿಯ ಮೇಲೇ ಕೂತು, ಬಂದವರಿಗೆ ಚಹಾ ಕೊಟ್ಟು ಕಳಿಸಿದಳು. ಅಲ್ಲಿಗೆ ಓದು ಮುಗಿಯಿತು.

ಮದುವೆಗೆ ಅವಳ ಒಪ್ಪಿಗೆಯನ್ನು ಯಾರೂ ಕೇಳಲಿಲ್ಲ. ಹಾಗೆಂದು ಅವಳಿಗೆ ಬೇಸರವೂ ಆಗಲಿಲ್ಲ. ಹುಡುಗ ಒಳ್ಳೆಯವನಾಗಿದ್ದ. ಗೊರಕೆ ಹೊಡೆಯುತ್ತಿದ್ದ. ಕೇಳಿದವರಿಗೆಲ್ಲ ಒಳ್ಳೊಳ್ಳೆ ಸಾರಂಗ ಕೊಟ್ಟು ಬರುತ್ತಿದ್ದ. ಮುರಿದ ಬಂಡಿಯನ್ನು ರಿಪೇರಿ ಮಾಡು ಎಂದರೆ ನಾಳೆ ಎನ್ನುತ್ತಿದ್ದ. ತನ್ನ ತಮಾಷೆಗೆ ತಾನೇ ಮೊದಲು ನಗುತ್ತಿದ್ದ. ಒಂದು ದಿನ ಹಿಂಡಿನ ನಡುವೆ ಬೀಸುಹಗ್ಗ ಎಸೆಯುತ್ತಿದ್ದವನು, ಸ್ವಲ್ಪ ಕೂರ್ತೀನಿ ಎಂದು ಬಂಡಿಯ ಮೇಲೆ ಕೂತ. ಏಳಲಿಲ್ಲ.

ಅವನ ಬಂಡಿಯ ಮರದ ತುಂಡಿನಿಂದಲೇ ಅವನ ತಮ್ಮ ಲಾಂದೊ ಒಂದು ಪುಟ್ಟ ಮರದ ಮನುಷ್ಯನನ್ನು ಕೆತ್ತಿಕೊಟ್ಟ. ಯಾಬ್ನೆ ಅದಕ್ಕೆ ತೊಗಲಂಗಿ ಹೊಲಿದಳು. ಊಟದ ಹೊತ್ತಿಗೆ ಗಂಡನ ಜಾಗದಲ್ಲಿ ಕೂರಿಸಿ ಬಾಯಿಗೆ ಕೊಬ್ಬು ಸವರುತ್ತಿದ್ದಳು, ರಾತ್ರಿ ಮಗ್ಗುಲಲ್ಲಿ ಮಲಗಿಸಿಕೊಳ್ಳುತ್ತಿದ್ದಳು. ಸಾರಂಗ ಸಾಕುವ ನೆನೆತ್ಸರ ವಿಧವೆಯರು ಹೀಗೆಯೇ ಮಾಡುತ್ತಾರೆ. ಹೋದ ವರ್ಷ ಮಂಜು ಬೀಳುವ ಮೊದಲು ಗಂಡಸರು ಅದನ್ನು ಒಯ್ದು ಸಮಾಧಿಯ ಬಳಿ ಇಟ್ಟು ಬಂದರು. ಅದೂ ಆಯಿತು. ಮಾಡಬೇಕಾದ್ದನ್ನೆಲ್ಲ ಅವಳು ಮಾಡಿದ್ದಳು. ಇನ್ನು ಅವನ ಬಗ್ಗೆ ಮಾಡುವುದಕ್ಕೆ ಏನೂ ಉಳಿದಿರಲಿಲ್ಲ. ಅದೇ ಕಷ್ಟವಾಗಿತ್ತು.

ಆ ಬೇಸಿಗೆಯಲ್ಲಿ ಗುಡಾರ ಹಾಕಿದ್ದು ಒಂಟಿಗುಡ್ಡ ಕಾಣುವ ಕೆರೆಯ ದಂಡೆಯಲ್ಲಿ. ರಷ್ಯಾದ ಉತ್ತರ ತುದಿಯ ಯಮಾಲಿನ ಆ ಭಾಗ ಪೂರ್ತಿ ಚಪ್ಪಟೆ. ನೀರು, ಪಾಚಿ, ಮೊಣಕಾಲೆತ್ತರದ ಪೊದೆ. ನಡುವೆ ಅದೊಂದೇ ಗುಡ್ಡ, ಯಾರೋ ಇಳಿಸಿ ಮರೆತುಹೋದ ಮೂಟೆಯಂತೆ. ನೆತ್ತಿಯಲ್ಲಿ ಸಾರಂಗದ ಕೊಂಬಿನ ರಾಶಿಯಿದೆ, ಗಂಡಸರು ಹೋಗಿ ದೇವರಿಗೆಂದು ಇಟ್ಟು ಬರುತ್ತಾರೆ. ಹೆಂಗಸರು ಅರ್ಧ ದಾರಿಯ ಬೂದುಬಂಡೆಯಿಂದ ಮೇಲೆ ಹತ್ತುವುದಿಲ್ಲ.

ಸೊಳ್ಳೆಕಾಟ ತಡೆಯದೆ ಗಂಡಸರು ಹಿಂಡನ್ನು ಸಮುದ್ರದ ಗಾಳಿಗೆ ಹೊಡೆದುಕೊಂಡು ಹೋಗಿದ್ದರು. ಸೇರೊಕೊ ಕೂಡ ಹೋಗಿದ್ದ. ಗುಡಾರದಲ್ಲಿದ್ದವರು ಯಾಬ್ನೆ, ಸೊಸೆ ಮ್ಯಾದ್ನೆ, ಮೈದುನ ಲಾಂದೊ. ಮ್ಯಾದ್ನೆ ತುಂಬಿದ ಬಸುರಿ. ಹಿಂದಿನ ಸಲದ್ದು ಹೊಟ್ಟೆಯಲ್ಲೇ ಹೋಗಿತ್ತು. ಈ ಸಲ ಅವಳು ನಡೆಯುವಾಗಲೂ ನೆಲಕ್ಕೆ ನೋವಾಗಬಾರದು ಎನ್ನುವ ಹಾಗೆ ನಡೆಯುತ್ತಿದ್ದಳು. ಲಾಂದೊ ಸೌದೆ ಒಡೆಯುವಾಗ ಕಾಲಿಗೆ ಕೊಡಲಿ ಬಡಿದುಕೊಂಡಿದ್ದ. ಮದುವೆಯಾಗದೆ ಉಳಿದ ಗಂಡಸು, ಬಾಯಿ ಮಾತ್ರ ಸುಮ್ಮನಿರುತ್ತಿರಲಿಲ್ಲ.

"ಅತ್ತಿಗೆ, ಇದ್ಯಾವ ಕೆರೆ ಚಹಾ? ಕಪ್ಪೆ ಕಾಲು ತೊಳ್ದಂಗಿದೆ."

"ಕಾಲು ಕಡ್ಕೊಂಡು ಕೂತಿರೋನಿಗೆ ಇದೇ ಹೆಚ್ಚು. ಎದ್ದು ಹೋಗಿ ಒಳ್ಳೆ ನೀರು ತಾ."

"ನಂಗೂ ಒಬ್ಳು ಹೆಂಡ್ತಿ ಇದ್ದಿದ್ರೆ ಇಂಥ ಮಾತು ಕೇಳ್ಬೇಕಾಗ್ತಿರ್ಲಿಲ್ಲ."

"ಇದ್ದಿದ್ರೆ ಇದಕ್ಕಿಂತ ಕೆಟ್ಟದ್ದು ಕೇಳ್ತಿದ್ದೆ. ಸುಮ್ನೆ ಕುಡಿ."

ಅಂಥ ಒಂದು ಬೆಳಗ್ಗೆ ಚಕ್ರದ ಬದಲು ಉಕ್ಕಿನ ಪಟ್ಟಿಯ ಮೇಲೆ ಓಡುವ ಗಾಡಿಯೊಂದು ಗಡಗಡ ಸದ್ದು ಮಾಡುತ್ತಾ ಬಂದು ಕೆರೆಯ ಆಚೆ ನಿಂತಿತು. ಅಲ್ಲಿಂದ ಈಚೆಗೆ ನೆಲ ಒದ್ದೆ, ಗಾಡಿ ಹೂತುಹೋಗುತ್ತದೆ. ಮೂವರು ಇಳಿದರು. ಮುಂದೆ ಬರುತ್ತಿದ್ದವಳು ಬೆನ್ನು ಬಾಗಿದ ಮುದುಕಿ, ರಬ್ಬರ್ ಬೂಟು, ತಲೆಗೆ ಸೊಳ್ಳೆ ಬಲೆ. ಯಾಬ್ನೆಗೆ ಗೊತ್ತಾಯಿತು. ಇರಾಯಿದಾ ಲ್ವೋವ್ನಾ. ದೂರದ ನಗರದ ಸಸ್ಯ ವಿಜ್ಞಾನಿ. ಎಷ್ಟೋ ಬೇಸಿಗೆ ಬಂದಿದ್ದಳು. ಒಂಟಿಗುಡ್ಡದ ಮೇಲೆ ಹಗ್ಗ ಕಟ್ಟಿ ಚೌಕ ಮಾಡಿ, ಚೌಕದೊಳಗೆ ಯಾವ ಹುಲ್ಲು ಎಷ್ಟಿದೆ, ಯಾವ ಪಾಚಿ ಎಷ್ಟಿದೆ ಎಂದು ನೋಡಿ ಹೋಗುತ್ತಿದ್ದಳು. ಬಯಲಿನವರು ಅವಳನ್ನು ಹುಲ್ಲೆಣಿಸುವಾಕೆ ಎನ್ನುತ್ತಿದ್ದರು. ಸಾಮಾನು ಹೇರಿಕೊಂಡು ಅವಳನ್ನು ಗುಡ್ಡಕ್ಕೆ ಕರೆದೊಯ್ಯುತ್ತಿದ್ದವನು ಯಾಬ್ನೆಯ ಗಂಡ. ಇತ್ತೀಚೆಗೆ ಅವಳಿಗೆ ಮೊಣಕಾಲಿನ ಆಪರೇಷನ್ ಆಗಿ ಬಂದಿರಲಿಲ್ಲ. ಸುದ್ದಿ ಅವಳಿಗೆ ತಲುಪಿರಲಿಲ್ಲ.

ದೂರದಿಂದಲೇ ಅವಳು ಕೈಯೆತ್ತಿ ಅವನ ಹೆಸರು ಕೂಗಿದಳು. "ಬದುಕಿದ್ದೀಯೇನೋ ಮುದುಕಾ?"

ಪ್ರತಿ ಸಲವೂ ಹೀಗೆಯೇ ಕೂಗುತ್ತಿದ್ದಳು. ಅವನು, ನಿನ್ನ ಹುಲ್ಲು ತಿಂದ್ಕೊಂಡು ಬದುಕಿದೀನಿ, ಎನ್ನುತ್ತಿದ್ದ.

ಲಾಂದೊ ಚಹಾದ ಬಟ್ಟಲು ಕೆಳಗಿಟ್ಟ. ಮ್ಯಾದ್ನೆ ಎರಡೂ ಕೈಯಿಂದ ಹೊಟ್ಟೆ ಮುಚ್ಚಿಕೊಂಡು ಗುಡಾರದೊಳಗೆ ಹೋದಳು. ಯಾಬ್ನೆಯ ಕೈಯಲ್ಲಿ ಕೆಟಲಿತ್ತು. ಅವಳು ಅದನ್ನು ಹಿಡಿದುಕೊಂಡೇ ನಿಂತಳು. ಮೂರು ವರ್ಷದಿಂದ ಆ ಹೆಸರನ್ನು ಯಾರ ಬಾಯಿಂದಲೂ ಕೇಳಿರಲಿಲ್ಲ. ಇನ್ನೊಂದು ಸಲ ಕೂಗಲಿ ಎಂದು ಅವಳಿಗೆ ಅನ್ನಿಸಿತು.

ಲಾಂದೊ ಕುಂಟುತ್ತಾ ಎದುರು ಹೋಗಿ ಅಣ್ಣ ಇಲ್ಲ ಎಂದು ಹೇಳಿದ. ಹುಲ್ಲೆಣಿಸುವಾಕೆ ಅಲ್ಲೇ ಒದ್ದೆ ನೆಲದಲ್ಲಿ ಕೂತುಬಿಟ್ಟಳು. ಅತ್ತಳು. ಅಳುತ್ತಾ ಮತ್ತೆ ಮತ್ತೆ ಅದೇ ಹೆಸರು ಹೇಳಿದಳು. ಚಹಾ ಕುಡಿಯುವಾಗ ಹೇಳಿದಳು, ಮೀನು ತಿನ್ನುವಾಗ ಹೇಳಿದಳು. ಜೊತೆಗೆ ಬಂದಿದ್ದ ವಿದ್ಯಾರ್ಥಿಗಳಿಬ್ಬರಿಗೆ, ಗ್ಲೇಬ್ ಎಂಬ ಉದ್ದ ಹುಡುಗನಿಗೂ ಜೋಯಾ ಎಂಬ ಹುಡುಗಿಗೂ, ಅವನ ಕಥೆ ಹೇಳಿದಳು. ಆ ಹುಡುಗರೂ ಆ ಹೆಸರನ್ನು ಬಾಯಿಪಾಠ ಮಾಡಿಕೊಂಡವರ ಹಾಗೆ ಹೇಳಿದರು. ಮ್ಯಾದ್ನೆ ಒಳಗಿನ ಮೂಲೆಯಲ್ಲಿ ಕಿವಿ ಮುಚ್ಚಿಕೊಂಡು ಕೂತಿದ್ದಳು.

ಅತಿಥಿಗಳು ತಮ್ಮ ಡೇರೆ ಹಾಕಲು ಹೋದಾಗ ಲಾಂದೊ ಯಾಬ್ನೆಯ ಹತ್ತಿರ ಬಂದ.

"ಅತ್ತಿಗೆ, ಹೇಳ್ಬಾರ್ದು ಅಂತ ಅವ್ರಿಗೆ ಹೇಳು."

"ನೀನೇ ಹೇಳು. ನಿಂಗೇನು ಬಾಯಿಲ್ವಾ?"

"ನೀನು ಹೆಂಡ್ತಿ. ನೀನು ಹೇಳಿದ್ರೆ ಅವ್ರಿಗೆ ನೋವಾಗಲ್ಲ. ನಾನು ಹೇಳಿದ್ರೆ ಅಟ್ಟಿದ ಹಾಗಾಗತ್ತೆ."

"ಹೇಳ್ತೀನಿ."

"ಯಾವಾಗ?"

"ಹೇಳ್ತೀನಿ ಅಂದ್ನಲ್ಲ. ತಲೆ ತಿನ್ಬೇಡ."

ಒಳಗೆ ಹೋದಾಗ ಮ್ಯಾದ್ನೆ ಅವಳ ತೋಳು ಹಿಡಿದಳು. ಹುಡುಗಿಯ ಕೈ ತಣ್ಣಗಿತ್ತು.

"ಅತ್ತೆ, ಮಾವ ನೋಡ್ಬಿಟ್ರೆ? ಈ ಮಗೂನ..."

"ಏನೂ ಆಗಲ್ಲ ಕಣೆ. ನಿಮ್ಮ ಮಾವ ಅಂಥೋನಲ್ಲ."

"ಅಂಥೋರಲ್ಲ ಅಂತ ನಂಗೂ ಗೊತ್ತು. ಆದ್ರೆ ಸತ್ತ ಮೇಲೆ ಯಾರು ಹೇಗೋ. ಹೋದ ಸಲದ್ದೂ ಏನೂ ಆಗಲ್ಲ ಅಂದಿದ್ರಿ."

ಯಾಬ್ನೆ ಆ ತಣ್ಣನೆಯ ಕೈಯನ್ನು ತನ್ನ ಅಂಗೈಯಲ್ಲಿ ಉಜ್ಜಿದಳು. ಆಗಲೇ ಹೊರಗೆ ಹೋಗಿ ಒಂದು ಮಾತು ಹೇಳಿದ್ದರೆ ಮುಗಿಯುತ್ತಿತ್ತು. ಹೋಗಲಿಲ್ಲ. ನಾಳೆ ಗುಡ್ಡದ ಮೇಲೆ ಹೇಳಿದರಾಯಿತು, ಗುಡ್ಡ ದೂರವಿದೆ, ಅಲ್ಲಿ ಆಡಿದ್ದು ಸೊಸೆಯ ಕಿವಿಗೆ ಬೀಳುವುದಿಲ್ಲ, ಅಲ್ಲಿಯವರೆಗೆ ಅವರು ಹೇಳಿದಷ್ಟು ಹೇಳಲಿ. ತಾನು ಮಾಡುತ್ತಿರುವುದು ತಪ್ಪು ಎಂದು ಅವಳಿಗೆ ಗೊತ್ತಿತ್ತು.

ಮರುದಿನ ಅವಳೇ ಬಂಡಿ ಹೂಡಿದಳು. ಗುಡಾರದ ಬಳಿ ಕಟ್ಟಿಹಾಕಿದ್ದ ಸಾರಂಗಗಳು ಮುದಿಯಾಗಿದ್ದವು, ಬೇರೆ ಇರಲಿಲ್ಲ. ಬೇಸಿಗೆಯಲ್ಲಿ ಬಂಡಿ ಪಾಚಿಯ ಮೇಲೇ ಜಾರಬೇಕು, ಎಳೆಯುವ ಪ್ರಾಣಿಗಳು ಬಾಯಿ ಬಿಡುತ್ತವೆ. ಬಂಡಿಯಲ್ಲಿ ಸಾಮಾನಿನ ಚೀಲ, ಅದರ ಮೇಲೆ ಮೊಣಕಾಲಿನ ದೆಸೆಯಿಂದ ಹುಲ್ಲೆಣಿಸುವಾಕೆ. ಹುಡುಗರು ಹಿಂದೆ ನಡೆದು ಬಂದರು. ಗ್ಲೇಬ್ ಕೆಸರಿನಲ್ಲಿ ಒಂದು ಬೂಟು ಕಳೆದುಕೊಂಡು ಮತ್ತೆ ಕಿತ್ತು ತೆಗೆದ.

"ಬಯಲು ಬಾಡಿಗೆ ವಸೂಲಿ ಮಾಡ್ತಿದೆ ಕಣಪ್ಪ" ಎಂದಳು ಯಾಬ್ನೆ. "ಇನ್ನೊಂದನ್ನೂ ಕೊಟ್ಬಿಡು, ಬರಿಗಾಲಲ್ಲಿ ಬೇಗ ನಡೀತೀಯ."

"ಅಜ್ಜಿ, ನಿಮ್ಮ ಸಾರಂಗದ ಮೇಲೆ ಕೂರಿಸ್ಕೊಳ್ಳಿ ನನ್ನ."

"ಅದಕ್ಕೆ ಏನು ಕರ್ಮ?"

ಗುಡ್ಡದ ಬುಡದಲ್ಲಿ ಪ್ರಾಣಿಗಳನ್ನು ಬಿಚ್ಚಿ ಕಟ್ಟಿದಳು. ದಕ್ಷಿಣದ ಇಳಿಜಾರು ಒಣಗಿತ್ತು, ಬಿಳಿಪಾಚಿ ಕಾಲಡಿ ಕರಕರ ಎನ್ನುತ್ತಿತ್ತು. ಗಾಳಿ ಇದ್ದುದರಿಂದ ಸೊಳ್ಳೆ ಕಡಿಮೆ. ಚೌಕಗಳು ಅಲ್ಲಲ್ಲಿ ಇದ್ದವು, ಪ್ರತಿ ಮೂಲೆಗೂ ಒಂದು ಗೂಟ, ಗೂಟದಿಂದ ಗೂಟಕ್ಕೆ ಹಗ್ಗ. ಮೇಲಿನ ಚೌಕಗಳಿಗೆ ಗ್ಲೇಬ್ ಒಬ್ಬನೇ ಹೋದ.

"ಜೋಯಾ, ಆ ಬಂಡೆ ದಾಟ್ಬೇಡ" ಎಂದಳು ಇರಾಯಿದಾ ಲ್ವೋವ್ನಾ. "ಹೆಂಗಸರು ಹೋಗೋ ಹಾಗಿಲ್ಲ."

"ಯಾಕೆ?"

"ಯಾಕೆ ಅಂತ ನಾನೂ ಕೇಳಿದ್ದೆ." ಅವಳು ಯಾಬ್ನೆಯ ಗಂಡನ ಹೆಸರು ಹೇಳಿದಳು. "ಅವನಂದ, ನಿಮ್ಮೂರಲ್ಲಿ ಯಾರ ಮನೆಗಾದ್ರೂ ಹೋಗಿ ಮಂಚದ ಮೇಲೆ ಹತ್ತಿ ನಿಂತ್ಕೋತೀಯಾ ಅಂತ. ಇಲ್ಲ ಅಂದೆ. ಇದೂ ಹಾಗೇ ಅಂದ. ಅವತ್ತಿಂದ ನಾನು ದಾಟಿಲ್ಲ."

ಯಾಬ್ನೆ ಬೆಂಕಿ ಹೊತ್ತಿಸುತ್ತಾ ಕೇಳಿದಳು. ಅವನು ಹೀಗೆ ಹೇಳಿದ್ದು ಅವಳಿಗೆ ಗೊತ್ತಿರಲಿಲ್ಲ. ಅವನ ಮಾತು ಇನ್ನೂ ಒಂದು ಇತ್ತಲ್ಲ, ತಾನು ಕೇಳಿರದದ್ದು.

ಅವರು ಮಂಡಿಯೂರಿ ಕೆಲಸ ಮಾಡಿದರು. ಪುಟ್ಟ ಎಲೆಯನ್ನು ಬೆರಳಲ್ಲಿ ಸರಿಸಿ ನೋಡುವುದು, ಹೇಳುವುದು, ಬರೆಯುವುದು. ಹೇಳುವಾಗ ಅವರ ಬಾಯಲ್ಲಿ ಆ ಹೆಸರು ಬರುತ್ತಲೇ ಇತ್ತು. ಚೌಕಗಳಿಗೆಲ್ಲ ನಂಬರ್ ಇತ್ತು. ಒಂದಕ್ಕೆ ಮಾತ್ರ ಅವನ ಹೆಸರು. ಟೇಪು ಎಲ್ಲಿದೆ ಎಂದರೆ ಅವನ ಹೆಸರಿನ ಹತ್ತಿರ. ನೀರಿನ ಬಾಟಲಿ ಎಲ್ಲಿ ಎಂದರೆ ಅವನ ಹೆಸರಿನ ಮೇಲುಗಡೆ. ಮೊದಮೊದಲು ಯಾಬ್ನೆ ಸಕ್ಕರೆ ಚೆಲ್ಲಿದಳು. ಆಮೇಲೆ ಚೆಲ್ಲಲಿಲ್ಲ. ಆಮೇಲೆ, ಯಾರಾದರೂ ಹೇಳುವ ಮುಂಚೆಯೇ ಈಗ ಹೇಳುತ್ತಾರೆ ಎಂದು ಕಾಯತೊಡಗಿದಳು.

ಚಹಾಕ್ಕೆ ಇರಾಯಿದಾ ಲ್ವೋವ್ನಾ ಒಬ್ಬಳೇ ಇಳಿದು ಬಂದಳು. ಹುಡುಗರು ದೂರದ ಚೌಕದಲ್ಲಿದ್ದರು.

"ಆ ಚೌಕಕ್ಕೆ ಯಾಕೆ ಹಾಗೆ ಕರೀತೀರಿ?" ಎಂದು ಯಾಬ್ನೆ ಕೇಳಿದಳು.

"ನಿಂಗೆ ಹೇಳಿಲ್ವಾ ಅವನು? ನಾಚ್ಕೊಂಡಿರ್ಬೇಕು. ಮೊದಲನೇ ವರ್ಷ. ನಾವು ಮೈ ಮುರಿದು ಚೌಕ ಹಾಕಿ, ಊಟ ಮಾಡಿ ಬರೋಷ್ಟರಲ್ಲಿ ಇವನು ನಡುವೆ ಮಲಗಿಬಿಟ್ಟಿದ್ದಾನೆ. ಒಣಗಿದ ಪಾಚಿ, ಮೆತ್ತಗಿದೆ, ಬೆಚ್ಚಗಿದೆ. ಗೊರಕೆ ಬೇರೆ. ಪಾಚಿ ಎಲ್ಲಾ ಪುಡಿಪುಡಿ! ನಾನು ಕಿರುಚಿದೆ. ಎದ್ದು ಕೂತು ಏನಂದ ಗೊತ್ತಾ? ಹುಲ್ಲೇನೂ ಬೇಡ ಅನ್ನಲಿಲ್ಲ, ನೀನ್ಯಾಕೆ ಬೇಡ ಅಂತೀಯ ಅಂದ."

ಹೇಳುತ್ತಾ ಹೇಳುತ್ತಾ ಅವಳು ಹೆಸರನ್ನು ಎಷ್ಟೋ ಸಲ ಹೇಳಿದಳು. ಯಾಬ್ನೆ ತಡೆಯಲಿಲ್ಲ. ಕಥೆ ಪೂರ್ತಿ ಮುಗಿಯಲಿ ಎಂದು ಕೂತಳು.

"ಆಮೇಲೆ ಯೋಚನೆ ಮಾಡ್ದೆ. ಸರಿ, ಕೆಟ್ಟದ್ದು ಕೆಟ್ಟಿತು. ಒಬ್ಬ ಮನುಷ್ಯ ಮಲಗಿದ ಜಾಗದಲ್ಲಿ ಪಾಚಿ ಮತ್ತೆ ಎದ್ದು ನಿಲ್ಲೋಕೆ ಎಷ್ಟು ಕಾಲ ಬೇಕು? ಅದನ್ನೇ ನೋಡೋಣ ಅಂತ. ಅವತ್ತಿಂದ ಪ್ರತಿ ಸಲ ಅಳೀತೀವಿ. ಬಾ, ತೋರಿಸ್ತೀನಿ."

ಚೌಕ ಬೂದುಬಂಡೆಯಿಂದ ಕೆಳಗೇ ಇತ್ತು. ಯಾಬ್ನೆ ಹಗ್ಗ ತುಳಿಯದೆ ಅಂಚಿನಲ್ಲಿ ಮೊಣಕಾಲೂರಿದಳು. ಮೊದಲು ಏನೂ ಕಾಣಲಿಲ್ಲ. ಬಿಸಿಲು ಓರೆಯಾಗಿ ಬಿದ್ದಾಗ ಕಂಡಿತು. ಸುತ್ತಲಿನ ಪಾಚಿ ಎತ್ತರ, ನಡುವೆ ತಗ್ಗು. ಭುಜದ ಹತ್ತಿರ ಆಳ, ಸೊಂಟದ ಹತ್ತಿರ ಆಳ, ಕಾಲು ಮಡಚಿದ ಕಡೆ ಅಗಲ. ಅವನು ಎಡಮಗ್ಗುಲಿಗೇ ಮಲಗುತ್ತಿದ್ದ.

"ತುಂಬ್ತಾ ಬಂದಿದೆ" ಎಂದಳು ಇರಾಯಿದಾ ಲ್ವೋವ್ನಾ. "ಹೋದ ಸಲ ಇನ್ನೂ ಚೆನ್ನಾಗಿ ಕಾಣ್ತಿತ್ತು. ಮುಂದೆ ಬರೋರಿಗೆ ಕಾಣಲ್ಲ."

ಯಾಬ್ನೆ ನೋಡುತ್ತಲೇ ಇದ್ದಳು. ಮುಟ್ಟಲಿಲ್ಲ, ಮುಟ್ಟಿದರೆ ಪುಡಿಯಾಗುತ್ತದೆ. ಆಮೇಲೆ ಎದ್ದಳು.

"ಇರಾಯಿದಾ ಲ್ವೋವ್ನಾ, ನಿಮಗೊಂದು ಮಾತು ಹೇಳ್ಬೇಕು. ಅವನ ಹೆಸರು ಇನ್ಮೇಲೆ ಹೇಳ್ಬೇಡಿ. ಸತ್ತೋರ ಹೆಸರು ನಮ್ಮಲ್ಲಿ ಹೇಳಲ್ಲ. ಸೊಸೆ ಬಸುರಿ. ಹಿಂದೆ ಒಂದು ಹೋಗಿದೆ. ನಿನ್ನೆಯಿಂದ ಹೆದರ್ಕೊಂಡು ಕೂತಿದೆ."

ಮುದುಕಿ ಬಾಯಿಯ ಮೇಲೆ ಕೈಯಿಟ್ಟುಕೊಂಡಳು.

"ಅಯ್ಯೋ ದೇವ್ರೇ. ನಿನ್ನೆಯಿಂದ ನಾನು ಎಷ್ಟು ಸಲ..."

"ಹುಲ್ಲೆಣಿಸೋರು ನೀವು, ನಾನಲ್ಲ."

"ತಮಾಷೆ ಬೇಡ ಯಾಬ್ನೆ. ನಿನ್ನೆಯೇ ಯಾಕೆ ಹೇಳ್ಲಿಲ್ಲ? ಬಂದ ತಕ್ಷಣ ಬಾಯಿ ಮುಚ್ಚು ಅನ್ನೋದಲ್ವಾ?"

"ಕೇಳ್ಬೇಕು ಅನ್ನಿಸ್ತು."

ಇರಾಯಿದಾ ಲ್ವೋವ್ನಾ ಅವಳ ಮುಖ ನೋಡಿದಳು. ಅವಳೂ ಗಂಡನನ್ನು ಕಳೆದುಕೊಂಡವಳು, ಬಹಳ ಹಿಂದೆ. ಸುತ್ತ ನೋಡಿದಳು. ಹುಡುಗರು ದೂರದಲ್ಲಿದ್ದರು. ಗುಡಾರ ಕೆರೆಯ ಆಚೆ ಒಂದು ಚುಕ್ಕೆಯಾಗಿತ್ತು.

"ಇಲ್ಲಿ ನಾವಿಬ್ರೇ ಇದೀವಿ" ಎಂದು ಮೆಲ್ಲಗೆ ಹೇಳಿದಳು. "ಆ ಹುಡುಗಿಗೆ ಕೇಳಲ್ಲ. ಇನ್ನೊಂದೇ ಒಂದು ಸಲ ಹೇಳ್ಲಾ? ನಿಂಗೋಸ್ಕರ."

ಯಾಬ್ನೆಗೆ ಹೂಂ ಎನ್ನಬೇಕೆನ್ನಿಸಿತು. ಇನ್ನು ಇವರು ಹೋದರೆ ಆ ಹೆಸರು ಹೇಳುವವರು ಬಯಲಿನಲ್ಲಿ ಒಬ್ಬರೂ ಇಲ್ಲ. ಮೊಮ್ಮಕ್ಕಳ ಕಾಲಕ್ಕೆ ಯಾರಾದರೂ ಮಗುವಿಗೆ ಇಟ್ಟರೆ ಇಟ್ಟರು, ಅಷ್ಟು ಹೊತ್ತಿಗೆ ತಾನಿರುವುದಿಲ್ಲ. ಒಂದು ಸಲ ಹೇಳಿದರೆ ಏನಾಗುತ್ತದೆ? ನಿನ್ನೆಯಿಂದ ಅಷ್ಟು ಹೇಳಿದ್ದಾರಲ್ಲ. ಮ್ಯಾದ್ನೆಯ ತಣ್ಣನೆಯ ಕೈ ನೆನಪಾಯಿತು. ಅಲ್ಲಿ ಕೇಳಿಸದೆ ಇರಬಹುದು, ಹೇಳಬೇಡಿ ಎಂದ ಮೇಲೆ ಹೇಳಿಸಿಕೊಂಡೆ ಎನ್ನುವುದು ತನಗೆ ಗೊತ್ತಿರುತ್ತದೆ. ಹುಡುಗಿ ಹೆರುವಾಗ ಅವಳ ಬೆನ್ನು ಹಿಡಿದುಕೊಂಡು ಕೂರುವವಳು ತಾನೇ.

"ಬೇಡ" ಎಂದಳು.

"ಸರಿ."

"ಹುಡುಗ್ರಿಗೂ ಹೇಳಿ."

ಹುಡುಗರನ್ನು ಕರೆದು ಹೇಳಿದ್ದಾಯಿತು. ಜೋಯಾ ಕೆಂಪಾದಳು. ಗ್ಲೇಬ್ ತಲೆ ಕೆರೆದುಕೊಂಡ.

"ಹಾಗಾದ್ರೆ ಚೌಕಕ್ಕೆ ಏನನ್ನೋದು? ನಂಬರ್ ಕೊಟ್ರೆ ಹಳೇ ಲೆಕ್ಕ ಎಲ್ಲಾ ಅದಲುಬದಲಾಗತ್ತೆ."

"ನೀವು ಏನಂತ ಕರೀತಿದ್ರಿ ಅಜ್ಜಿ?" ಎಂದು ಜೋಯಾ ಕೇಳಿದಳು. "ಮನೇಲಿ?"

"ಸೇರೊಕೊನ ಅಪ್ಪ."

"ಅದನ್ನ ಹೇಳ್ಬಹುದಾ?"

ಯಾಬ್ನೆ ಯೋಚಿಸಿದಳು. ಅದು ಹೆಸರಲ್ಲ. ಸೇರೊಕೊ ಬದುಕಿದ್ದಾನೆ. ತಪ್ಪೇನಿಲ್ಲ.

"ಹೇಳಿ" ಎಂದಳು.

"ಗಾಳೀಲಿ ಕೂಗೋಕೆ ಉದ್ದ ಆಯ್ತು" ಎಂದ ಗ್ಲೇಬ್.

"ನಿನ್ನ ಕಾಲಿಗಿಂತ ಉದ್ದ ಇಲ್ಲ, ಹೋಗಿ ಕೆಲಸ ನೋಡು" ಎಂದಳು ಇರಾಯಿದಾ ಲ್ವೋವ್ನಾ.

ಯಾಬ್ನೆ ಬುಡಕ್ಕಿಳಿದು ಬಂದಳು. ಬೆಂಕಿ ಆರುತ್ತಿತ್ತು. ಪೊದೆಯ ಕಡ್ಡಿ ಮುರಿದು ಹಾಕಿದಳು, ಕೆಟಲಿಗೆ ನೀರು ತುಂಬಿದಳು, ಮೀನು ಸೀಳಲು ಕೂತಳು. ಎಷ್ಟೋ ವರ್ಷ ಹೀಗೆಯೇ ಕೂತು ಮೀನು ಸೀಳಿದ್ದಳು. ಕೈ ತನ್ನಷ್ಟಕ್ಕೆ ಕೆಲಸ ಮಾಡುತ್ತಿತ್ತು, ಮನಸ್ಸು ಎಲ್ಲೂ ಇರಲಿಲ್ಲ.

ಇಳಿಜಾರಿನ ಮೇಲಿನಿಂದ ಗಂಡುದನಿಯೊಂದು ಗಾಳಿಯಲ್ಲಿ ಕೂಗಿತು:

"ಸೇರೊಕೊನ ಅಪ್ಪಾ..."

ಯಾಬ್ನೆ ತಲೆಯೆತ್ತಲಿಲ್ಲ. ಚಾಕು ನಿಲ್ಲಿಸಲಿಲ್ಲ. ಗುಡಾರದ ಹೊರಗೆ ಯಾರಾದರೂ 'ಸೇರೊಕೊನ ಅಪ್ಪಾ' ಎಂದು ಕೂಗಿದಾಗಲೆಲ್ಲ ತಾನು ಉತ್ತರಿಸುತ್ತಿದ್ದ ಹಾಗೆಯೇ ಕೂಗಿ ಹೇಳಿದಳು:

"ಹಿಂಡಿಗೆ ಹೋಗಿದಾನೆ! ಈಗ ಬರ್ತಾನೆ, ಬನ್ನಿ, ಚಹಾ ಕುಡೀರಿ!"

ಮೇಲೆ ಗ್ಲೇಬ್ ಕೈಯಲ್ಲಿ ಟೇಪು ಹಿಡಿದುಕೊಂಡು ನಿಂತುಬಿಟ್ಟ. ಜೋಯಾ ಅವನ ತೋಳು ಹಿಡಿದಳು. ಒಂದು ಸಾರಂಗ ಕೆಮ್ಮಿತು.

ಯಾಬ್ನೆಗೆ ತಾನು ಏನೆಂದೆ ಎನ್ನುವುದು ಆಗ ತಿಳಿಯಿತು. ಮೊದಲು ನಗು ಬಂತು. ಎಂಥ ಪೆದ್ದಿ ನಾನು ಎಂದುಕೊಂಡಳು. ಆಮೇಲೆ ನಗು ಅರ್ಧಕ್ಕೆ ನಿಂತು ಬೇರೇನೋ ಆಯಿತು. ಮೀನಿನ ಲೋಳೆ ಹತ್ತಿದ ಕೈಯಲ್ಲೇ ಮುಖ ಮುಚ್ಚಿಕೊಂಡಳು. ನಿನ್ನೆಯಿಂದ ಆ ಹೆಸರನ್ನು ಅಷ್ಟು ಕೇಳಿದ್ದಳು, ಕಣ್ಣಲ್ಲಿ ಒಂದು ಹನಿ ಬಂದಿರಲಿಲ್ಲ. ಹೆಸರು ಅವನ ಅವ್ವನದು, ಅಣ್ಣತಮ್ಮಂದಿರದು, ಗೆಳೆಯರದು, ಈ ಹುಲ್ಲೆಣಿಸುವಾಕೆಯದು. ಅವಳದ್ದು ಯಾವತ್ತೂ ಆಗಿರಲಿಲ್ಲ. ಅವಳು ಕರೆಯುತ್ತಿದ್ದುದು ಇದೊಂದನ್ನು. ಇದನ್ನು ಯಾರೂ ಬೇಡ ಎಂದಿರಲಿಲ್ಲ. ಕರೆಯಲು ಆಳಿಲ್ಲ ಎಂದು ತಾನೇ ಬಿಟ್ಟಿದ್ದಳು.

ಇರಾಯಿದಾ ಲ್ವೋವ್ನಾ ಬಂದು ಪಕ್ಕದಲ್ಲಿ ಕೂತು ಉಳಿದ ಮೀನು ಸೀಳಿದಳು. ಕೆಟ್ಟದಾಗಿ ಸೀಳಿದಳು.

"ಮುಳ್ಳಿನ ಜೊತೆ ಅರ್ಧ ಮಾಂಸ ಬಿಸಾಕ್ತಿದೀರಿ" ಎಂದಳು ಯಾಬ್ನೆ, ಮುಖ ಒರೆಸಿಕೊಂಡು. "ಇಲ್ಲಿ ಕೊಡಿ."

ಸಂಜೆಗೆ ಕೆಲಸ ಮುಗಿಯಿತು. ಮುದಿ ಸಾರಂಗಗಳು ಹೋಗುವಾಗಿನದಕ್ಕಿಂತ ಬೇಗ ನಡೆದವು, ಮನೆಯ ಕಡೆ ಅಲ್ಲವೇ. ಲಾಂದೊ ಕೆರೆಯ ದಂಡೆಯವರೆಗೆ ಕುಂಟಿಕೊಂಡು ಬಂದು ನಿಂತಿದ್ದ.

"ಹೇಳಿದ್ಯಾ?"

"ಹೇಳ್ದೆ."

"ಒಪ್ಪಿದ್ರಾ?"

"ಒಪ್ಪಿದ್ರು. ಇನ್ಮೇಲೆ ಸೇರೊಕೊನ ಅಪ್ಪ ಅಂತಾರೆ."

ಲಾಂದೊ ಸಾರಂಗದ ಪಟ್ಟಿ ಬಿಚ್ಚಿದ.

"ಅದೂ ಯಾಕೆ ಬೇಕಿತ್ತು ಅತ್ತಿಗೆ? ಏನೂ ಬೇಡ ಅನ್ಬೇಕಿತ್ತು. ಅಣ್ಣ ನೆಮ್ಮದಿಯಾಗಿ ಹೋಗ್ಲಿ."

"ಹೋಗ್ಲಿ. ನಾನೇನು ಕಾಲು ಹಿಡ್ಕೊಂಡಿದೀನಾ? ಆದ್ರೆ ಅದು ನನ್ನ ಮಾತು. ನಿಮ್ಮಣ್ಣನ ಹೆಸರಲ್ಲ. ಅದನ್ನ ಆಡ್ಬೇಡ ಅನ್ನೋಕೆ ನೀನ್ಯಾರು?"

"ನಾನು ಯಾರೂ ಅಲ್ಲಪ್ಪ. ಕುಂಟ."

"ಹಾಂ. ಗೊತ್ತಿದ್ರೆ ಸರಿ."

ಅವಳು ಒಳಗೆ ಹೋಗಿ ಮ್ಯಾದ್ನೆಗೆ ವಿಷಯ ಹೇಳಿದಳು. ಹುಡುಗಿ ಕೇಳಿ, ತಿನ್ನಲು ಏನಾದರೂ ಇದೆಯೇ ಎಂದಳು. ಹಿಂದಿನ ದಿನದಿಂದ ಸರಿಯಾಗಿ ತಿಂದಿರಲಿಲ್ಲ. ಯಾಬ್ನೆ ಅವಳಿಗೆ ಮೀನಿನ ಹೊಟ್ಟೆಯ ಕೊಬ್ಬಿನ ಭಾಗ ಕೊಟ್ಟಳು.

ವಿಜ್ಞಾನಿಗಳು ಇನ್ನೂ ಕೆಲವು ದಿನ ಗುಡ್ಡಕ್ಕೆ ಹೋಗಿ ಬಂದರು. ಚೌಕದ ಹೆಸರು ಹುಡುಗರ ನಾಲಿಗೆಗೆ ಹತ್ತಿತು. ಕೂಗಿದಾಗ ಯಾಬ್ನೆ ಮತ್ತೆ ಉತ್ತರ ಕೊಡಲಿಲ್ಲ, ಕೇಳಿಸಿಕೊಂಡಳು. ಹೋಗುವಾಗ ಇರಾಯಿದಾ ಲ್ವೋವ್ನಾ ಉಳಿದ ಸಕ್ಕರೆ, ಬಿಸ್ಕತ್ತು, ತನ್ನ ಸೊಳ್ಳೆ ಬಲೆ ಎಲ್ಲ ಬಿಟ್ಟು ಹೋದಳು. ಮತ್ತೆ ಬರುತ್ತೇನೆ ಎನ್ನಲಿಲ್ಲ, ಮೊಣಕಾಲು ತೋರಿಸಿ ಕೈಯಾಡಿಸಿದಳು. ಗಾಡಿ ಬಹಳ ದೂರ ಹೋಗುವವರೆಗೂ ಸದ್ದು ಕೇಳುತ್ತಿತ್ತು.

ಗಾಳಿ ತಂಪಾಗಿ ಸೊಳ್ಳೆ ಕಡಿಮೆಯಾದಾಗ ಗಂಡಸರು ಹಿಂಡು ತಿರುಗಿಸಿಕೊಂಡು ಬಂದರು. ಸೇರೊಕೊ ಮೊದಲು ಹೆಂಡತಿಯ ಹೊಟ್ಟೆ ನೋಡಿದ, ಆಮೇಲೆ ಅಂಗಿ ಕಳಚಿದ. ಊಟಕ್ಕೆ ಕೂತಾಗ ಗಂಡಸರಲ್ಲಿ ಮಾತು ಎದ್ದಿತು. ನಾಳೆ ಗುಡಾರ ಕಿತ್ತು ಹೊರಡಬೇಕು, ನದಿ ಉಬ್ಬಿದೆ, ಎಲ್ಲಿ ದಾಟುವುದು? ಒಬ್ಬ ಮರಳುದಿಬ್ಬದ ಹತ್ತಿರ ಎಂದ. ಲಾಂದೊ ಅಲ್ಲಿ ಬೇಡ, ಸುಳಿಯಿದೆ ಎಂದ. ಸೇರೊಕೊ ಸುಮ್ಮನೆ ಮಾಂಸ ಕೊಯ್ಯುತ್ತಿದ್ದ. ಬಂಡಿಯಲ್ಲಿ ತುಂಬಿದ ಬಸುರಿಯನ್ನು ಕೂರಿಸಿಕೊಂಡು ದಾಟಬೇಕಾದವನು ಅವನು.

ಯಾಬ್ನೆ ಬಟ್ಟಲುಗಳಿಗೆ ಚಹಾ ಸುರಿಯುತ್ತಿದ್ದಳು.

"ಸೇರೊಕೊನ ಅಪ್ಪ ಮೇಲುಗಡೆ ದಾಟ್ತಿದ್ದ" ಎಂದಳು. "ಕಲ್ಲು ಹಾಸಿರೋ ಕಡೆ. ದೂರ ಆಗತ್ತೆ, ಆದ್ರೆ ನೀರು ಬಂಡಿ ಹತ್ತಲ್ಲ."

ಗಂಡಸರು ಬಟ್ಟಲು ಹಿಡಿದ ಕೈ ಹಾಗೆಯೇ ಇಟ್ಟರು. ಮೂರು ವರ್ಷದಲ್ಲಿ ಅವರೆದುರು ಅವನ ಮಾತನ್ನು ಮನೆಯವರು ಯಾರೂ ಎತ್ತಿರಲಿಲ್ಲ. ಸೇರೊಕೊ ಅವ್ವನ ಮುಖ ನೋಡಿದ.

"ಅಷ್ಟು ಮೇಲಕ್ಕೆ ಹೋಗ್ಬೇಕಾ ಅವ್ವ?"

"ಹೋಗ್ಬೇಕು. ಒಂದು ಸಲ ಸೋಮಾರಿತನ ಮಾಡಿ ಕೆಳಗೇ ದಾಟೋಕೆ ಹೋಗಿ, ನನ್ನ ಹಿಟ್ಟೆಲ್ಲಾ ನೆನೆಸಿಬಿಟ್ಟ. ಅವತ್ತು ನನ್ನ ಹತ್ರ ಉಗಿಸ್ಕೊಂಡಿದ್ದು ನೆನಪಿದ್ಯಾ? ನೀನು ಬಂಡೀಲಿ ಕೂತು ಅಳ್ತಿದ್ದೆ."

ಸೇರೊಕೊ ನಕ್ಕ. "ನೆನಪಿದೆ. ಅಪ್ಪ, ಹಿಟ್ಟು ಹೇಗೂ ನೆನೆಸ್ಬೇಕಿತ್ತಲ್ಲ ಅಂದಿದ್ರು."

ಲಾಂದೊ ಮೊದಲು ಮ್ಯಾದ್ನೆಯ ಕಡೆ ನೋಡಿದ. ಅವಳು ಹೊಟ್ಟೆಯ ಮೇಲೆ ಬಟ್ಟಲಿಟ್ಟುಕೊಂಡು ತಿನ್ನುತ್ತಿದ್ದಳು, ಅವಳಿಗೂ ನಗು ಬಂದಿತ್ತು. ಆಗ ಅವನೂ ನಕ್ಕ.

ಮರುದಿನ ಮೇಲುಗಡೆ ದಾಟಿದರು. ದೂರವಾಯಿತು, ಬಂಡಿಯೊಂದರ ಕಾಲು ಮುರಿಯಿತು, ದಾರಿಯುದ್ದಕ್ಕೂ ಲಾಂದೊ ಗೊಣಗಿದ. ನೀರು ಸಾರಂಗಗಳ ಮೊಣಕಾಲಿನವರೆಗೆ ಮಾತ್ರ ಬಂತು.